ಕೈತುತ್ತಿಗೆ ಸೋಪಿನ ವಾಸನೆ

ನನ್ನ ಕೈರುಚಿಯ ಬಗ್ಗೆ ನನಗೆ ಜಂಬವಿತ್ತು. ಆಗ ಯಾರಾದರೂ ಅದನ್ನು ಜಂಬ ಅಂದಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ, ಒಂದು ಮನೆಯ ಒಗ್ಗರಣೆಗೆ ಮೂರು ಮನೆಯವರು ಸೀನುತ್ತಾರೆ. ನಾನು ಉಪ್ಸಾರು ಕುದಿಸಿದ ದಿನ ಪಕ್ಕದ ಮನೆಯ ತಮಿಳು ಹೆಂಗಸು ಬಟ್ಟಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಅಕ್ಕಾ, ನಿಮ್ ಕೈಯಲ್ಲಿ ಏನೋ ಐತೆ" ಅನ್ನುತ್ತಿದ್ದಳು. ಪಾಪ, ಅವಳು ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆ ಮಾತು ಈಗ ನೆನಪಾದರೆ ನನ್ನ ಕೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತೇನೆ.

ನಾನು ಬಂಗಾರಪೇಟೆ ಹತ್ತಿರದ ಹಳ್ಳಿಯವಳು. ಹದಿನೆಂಟಕ್ಕೆ ಮದುವೆಯಾಗಿ ಈ ಲೈನಿಗೆ ಬಂದೆ. ಗಂಡ ಗಣಿಗೆ ಇಳಿಯುತ್ತಿದ್ದರು. ಗಣಿ ಮುಚ್ಚಿತು, ಆಮೇಲೆ ಅವರೂ ಹೋದರು, ಮನೆ ಮಾತ್ರ ಉಳಿಯಿತು. ಮಗ ಟೆಂಪೋ ಓಡಿಸುತ್ತಾನೆ. ಟೊಮೆಟೊ ಕಾಲದಲ್ಲಿ ಅವನು ಮನೆಯಲ್ಲಿ ಇರುವುದೇ ಅಪರೂಪ. ಸೊಸೆ ಬೆಂಗಳೂರಿನ ಒಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗಿನ ರೈಲಿಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಮಿಷನ್ನಿನ ಮುಂದೆ ಆರು ವರ್ಷ ಕೂತಿದ್ದವಳನ್ನು ಆಗಷ್ಟೇ ಸೂಪರ್‌ವೈಸರ್ ಮಾಡಿದ್ದರು. ಕುತ್ತಿಗೆಗೆ ಹಾಕಿಕೊಳ್ಳುವ ಕಾರ್ಡು, ರೈಲಿನ ಪಾಸು, ಎರಡನ್ನೂ ದೇವರ ಗೂಡಿನ ಪಕ್ಕದಲ್ಲಿ ಇಡುತ್ತಿದ್ದಳು. ಬೆಳಿಗ್ಗೆ ದೇವರಿಗೊಂದು ಕೈ ಮುಗಿದು ಅವುಗಳನ್ನು ಎತ್ತಿಕೊಂಡು ಓಡುತ್ತಿದ್ದಳು.

ಅವರ ಮಗಳನ್ನು, ಅಂದರೆ ನನ್ನ ಮೊಮ್ಮಗಳನ್ನು, ಸಾಕಿದವಳು ನಾನು. ಎರಡನೇ ಕ್ಲಾಸು. ಸ್ಕೂಲು ಆಂಡರ್ಸನ್‌ಪೇಟೆಯಲ್ಲಿ. ಸಂಜೆ ನಾಲ್ಕಕ್ಕೆ ಆಟೋ ಇಳಿದವಳೇ ಬ್ಯಾಗನ್ನು ಒಂದು ಕಡೆ, ಬೂಟನ್ನು ಇನ್ನೊಂದು ಕಡೆ ಎಸೆದು, ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು.

"ಅಜ್ಜಿ, ಕಲಸ್ಕೊಡು."

ಅಗಲ ಬೇಸಿನ್ನಿನಲ್ಲಿ ಅನ್ನ, ಗಟ್ಟಿ ಮೊಸರು, ಒಂದು ಚಿಟಿಕೆ ಉಪ್ಪು. ಅಂಗೈಯಲ್ಲಿ ಚೆನ್ನಾಗಿ ಮಿದ್ದು, ಬೆಣ್ಣೆಯ ಹಾಗಾದ ಮೇಲೆ ಉಂಡೆ ಮಾಡಿ ಅವಳ ಕೈಗೆ ಇಡುತ್ತಿದ್ದೆ. ಉಂಡೆಯ ನಡುವೆ ಹೆಬ್ಬೆರಳಲ್ಲಿ ಗುಳಿ ಮಾಡಿ ಎರಡು ತೊಟ್ಟು ಸಾರು ಬಿಡುವುದು ನಮ್ಮ ಕಡೆಯ ಪದ್ಧತಿ. ನನ್ನ ಅಜ್ಜಿ ನನಗೆ ಹಾಗೇ ಕೊಟ್ಟಿದ್ದಳು. ಪಕ್ಕದ ಮನೆಯ ಮಕ್ಕಳೂ ಕೆಲವು ದಿನ ಬಂದು ಕೂರುತ್ತಿದ್ದವು. ನನ್ನ ಮೊಮ್ಮಗಳಿಗೆ ತಟ್ಟೆಯಲ್ಲಿ ಬಡಿಸಿದರೆ ಇಳಿಯುತ್ತಲೇ ಇರಲಿಲ್ಲ. ಭಾನುವಾರ ಅವಳ ತಾಯಿ ತಟ್ಟೆ ಹಿಡಿದುಕೊಂಡು ಹಿಂದೆ ಹಿಂದೆ ಸುತ್ತಿದರೂ, "ನಿನ್ ಕೈದು ಚೆನ್ನಾಗಿರಲ್ಲಮ್ಮ" ಅಂತ ಹುಡುಗಿ ನನ್ನ ಹತ್ತಿರ ಓಡಿ ಬರುವಳು. ಸೊಸೆಯ ಮುಖ ಸಣ್ಣಗಾಗುತ್ತಿತ್ತು. ನನಗೆ ಒಳಗೊಳಗೇ ಖುಷಿ. ಇಲ್ಲ ಅಂತ ಯಾಕೆ ಸುಳ್ಳು ಹೇಳಲಿ?

ಆ ಕೈಗೆ ಒಂದು ಕಟ್ಟಳೆ ಇಟ್ಟುಕೊಂಡಿದ್ದೆ. ಊಟ ಕಲಸುವ ಕೈಗೆ ಸೋಪು ಹಾಕಬಾರದು. ಸೋಪಿನ ವಾಸನೆ ಬೆರಳಿನ ಸಂದಿಯಲ್ಲಿ ಕೂತುಬಿಡುತ್ತದೆ, ಮೊಸರನ್ನಕ್ಕೆ ಹತ್ತುತ್ತದೆ. ಹಿತ್ತಲಿನ ಕಕ್ಕಸಿಗೆ ಹೋಗಿ ಬಂದರೆ ಒಂದು ಚೊಂಬು ನೀರು ಸುರಿದುಕೊಂಡು, ಸೆರಗಿಗೆ ಒರೆಸಿಕೊಂಡರೆ ಮುಗಿಯಿತು. ನಲ್ಲಿಯಲ್ಲಿ ನೀರು ಬರುವುದೇ ವಾರಕ್ಕೊಮ್ಮೆ; ಅದರಲ್ಲಿ ನೊರೆ ಬೇರೆ ತೊಳೆಯುತ್ತಾ ಕೂರುವುದೇ? ಎರಡು ಚೊಂಬು ನೀರಿನಲ್ಲಾದರೂ ದಿನಾ ಸ್ನಾನ ಮಾಡುವವಳು, ನೆಲ ಫಳಫಳ ಅನ್ನಿಸುವವಳು ನಾನು. ಕೊಳಕು ಅನ್ನುವ ಮಾತು ನನಗೆ ಸೇರಿದ್ದಲ್ಲ ಅಂತಲೇ ತಿಳಿದಿದ್ದೆ.

ಯುಗಾದಿ ಕಳೆದ ಮೇಲೆ ಹುಡುಗಿಗೆ ಜ್ವರ ಬಂತು. ಮೊದಲ ದಿನ ಮೈ ಬೆಚ್ಚಗೆ, ಮಾರನೇ ದಿನ ಇನ್ನಷ್ಟು, ಮೂರನೇ ದಿನ ಕೆಂಡ. ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮಗ ಮೆಡಿಕಲ್ ಶಾಪಿನಿಂದ ಮಾತ್ರೆ ತಂದ. ಐದು ದಿನಕ್ಕೆ ಅಂತ ಕೊಟ್ಟಿದ್ದರು. ಎರಡು ದಿನಕ್ಕೇ ಮೈ ತಣ್ಣಗಾಯಿತು. "ಮಗೂಗೆ ಸುಮ್ನೆ ಯಾಕೆ ಅಷ್ಟು ಉಷ್ಣದ ಮಾತ್ರೆ" ಅಂತ ಮಿಕ್ಕಿದ್ದನ್ನು ನಾನೇ ಎತ್ತಿಟ್ಟೆ. ಮಾತ್ರೆ ನಿಲ್ಲಿಸಿದ ನಾಲ್ಕನೇ ದಿನ ಜ್ವರ ಮತ್ತೆ ಹತ್ತಿತು, ಈ ಸಲ ಇಳಿಯುವ ಮಾತೇ ಇಲ್ಲ. ನಾಲಿಗೆಯ ಮೇಲೆ ಬಿಳಿ ಪದರ. ಹೊಟ್ಟೆ ಉಬ್ಬರ. ಕರೆದರೆ ಕಣ್ಣು ಬಿಡುತ್ತಾಳೆ, ಮಾತಿಲ್ಲ.

ಸೊಸೆ ರಜೆ ಹಾಕಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂಗಾರಪೇಟೆಯ ಮಕ್ಕಳ ಡಾಕ್ಟರ ಹತ್ತಿರ ಓಡಿದಳು. ನಾನೂ ಹಿಂದೆಯೇ ಹೋದೆ. ಡಾಕ್ಟರು ನಡುವಯಸ್ಸಿನ ಹೆಂಗಸು. ಮಾತು ಮೆಲ್ಲಗೆ, ಆದರೆ ಯಾರ ಮುಲಾಜೂ ಇಲ್ಲದ ಮಾತು. ರಕ್ತ ತೆಗೆದು ಕಳಿಸಿದರು. ಅದರಲ್ಲಿ ಕ್ರಿಮಿ ಬೆಳೆಯುತ್ತದೋ ನೋಡಬೇಕು, ಎರಡು ಮೂರು ದಿನ ಹಿಡಿಯುತ್ತದೆ ಅಂದರು. ಬೆಳೆಯಿತು.

"ಟೈಫಾಯ್ಡ್. ಸಾಲ್ಮೊನೆಲ್ಲ ಅನ್ನೋ ಕ್ರಿಮಿ," ಅಂದರು. "ಮಾತ್ರೆ ಅರ್ಧಕ್ಕೆ ನಿಲ್ಲಿಸಿದ್ದು ಯಾರು?"

ನಾನು ಸೆರಗು ಸರಿಮಾಡಿಕೊಂಡೆ. ಸೊಸೆಯೂ ನನ್ನ ಹೆಸರು ಎತ್ತಲಿಲ್ಲ.

"ಜ್ವರ ಇಳಿದರೆ ಕ್ರಿಮಿ ಸತ್ತಿತು ಅಂತಲ್ಲ. ಕೊಟ್ಟಷ್ಟು ದಿನ ಪೂರ್ತಿ ನುಂಗಿಸಬೇಕು," ಅಂದರು ಡಾಕ್ಟರು. ಹತ್ತು ದಿನ ಡ್ರಿಪ್ಪಿನಲ್ಲಿ ಇಂಜೆಕ್ಷನ್. ಸಣ್ಣ ಕೈಗೆ ಸೂಜಿ ಕಟ್ಟಿ, ಅಡಿಗೆ ರಟ್ಟಿನ ತುಂಡು ಇಟ್ಟು ಬ್ಯಾಂಡೇಜು ಸುತ್ತಿದ್ದರು. ಐದನೇ ದಿನ ಜ್ವರ ಬಿಟ್ಟಿತು. ನಾನು ಬರೀ ಗಂಜಿ, ಬ್ರೆಡ್ಡು ಸಾಕು ಅಂತ ಹಟ ಹಿಡಿದೆ. ಟೈಫಾಯ್ಡಿಗೆ ಪಥ್ಯ ಅಂತ ನಮ್ಮ ಕಡೆ ಮಕ್ಕಳನ್ನು ಉಪವಾಸ ಕೆಡವುವುದೇ ವಾಡಿಕೆ. ಡಾಕ್ಟರು ನಕ್ಕರು. "ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ಎಲ್ಲಾ ಕೊಡಿ ಅಮ್ಮಾ. ತಿನ್ನದಿದ್ದರೆ ಮೈಗೆ ಶಕ್ತಿ ಎಲ್ಲಿಂದ ಬರಬೇಕು?"

ಇದು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು. ಜ್ವರಕ್ಕೆ ಎರಡು ವಾರ ಮುಂಚೆ, ಒಂದು ಭಾನುವಾರ, ಸೊಸೆ ಮಗಳನ್ನು ಬಂಗಾರಪೇಟೆಗೆ ಕರೆದುಕೊಂಡು ಹೋಗಿ ಪಾನಿಪುರಿ ತಿನ್ನಿಸಿದ್ದಳು. ನಮ್ಮ ಕಡೆಯ ಪಾನಿಪುರಿಯ ನೀರು ಹಸಿರಲ್ಲ, ಕುಡಿಯುವ ನೀರಿನಷ್ಟು ತಿಳಿ. ಬಾಯಿಗಿಟ್ಟ ಮೇಲೆಯೇ ಖಾರ ಗೊತ್ತಾಗುವುದು. ಬಡ್ತಿ ಸಿಕ್ಕಿದ ಸಂತೋಷಕ್ಕೆ ತಾಯಿ ಮಗಳು ಇಬ್ಬರೂ ಎರಡೆರಡು ಪ್ಲೇಟು ತಿಂದು, ಮೂಗು ಸೊರ್ರೆನ್ನಿಸುತ್ತಾ ಮನೆಗೆ ಬಂದಿದ್ದರು.

"ನೀನೇ ತಿನ್ಸಿದ್ದು," ಅಂದೆ ನಾನು, ಆಸ್ಪತ್ರೆಯ ಬೆಂಚಿನ ಮೇಲೆ, ಹತ್ತು ಜನರ ಮುಂದೆ. "ಸಂಬಳ ಜಾಸ್ತಿ ಆಯ್ತು ಅಂತ ಬೀದಿ ನೀರು ಕುಡಿಸಿ ಮಗೂನ ಮಲಗ್ಸಿದೆ."

ಅವಳು ಮಗಳ ಬ್ಯಾಂಡೇಜಿನ ಕೈಯನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡು ಕೂತಿದ್ದಳು.

ಮನೆಗೆ ಕಳಿಸುವ ದಿನ ಡಾಕ್ಟರು ಎರಡು ಸಣ್ಣ ಡಬ್ಬಿ ಕೊಟ್ಟರು, ಮುಚ್ಚಳಕ್ಕೇ ಅಂಟಿಕೊಂಡ ಚಮಚದ್ದು. ಮನೆಯಲ್ಲಿ ಅಡಿಗೆ ಮಾಡುವವರು, ಊಟ ಬಡಿಸುವವರು ಮಲಪರೀಕ್ಷೆ ಮಾಡಿಸಬೇಕಂತೆ. ಒಮ್ಮೊಮ್ಮೆ ಹಳೆಯ ಟೈಫಾಯ್ಡಿನ ಕ್ರಿಮಿ ಪಿತ್ತಕೋಶದಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ಅದನ್ನು ಹೊತ್ತವರಿಗೆ ಜ್ವರವಿಲ್ಲ, ನೋವಿಲ್ಲ. ಅವರ ಕೈಯಿಂದ ತಿಂದವರಿಗೆ ಬರುತ್ತದೆ.

"ನಿಮಗೆ ಹಿಂದೆ ಯಾವಾಗಲಾದರೂ ಟೈಫಾಯ್ಡ್ ಬಂದಿತ್ತಾ ಅಮ್ಮಾ?" ಅಂತ ನನ್ನನ್ನು ಕೇಳಿದರು.

"ನಂಗೆ ಯಾವ ರೋಗಾನೂ ಇಲ್ಲ," ಅಂದೆ.

ನನ್ನ ಮೈಯೆಲ್ಲಾ ಉರಿಯುತ್ತಿತ್ತು. ಅರವತ್ತು ದಾಟಿದ ಹೆಂಗಸು, ಜನ್ಮವಿಡೀ ಜನಕ್ಕೆ ಅನ್ನ ಹಾಕಿದವಳು, ಡಬ್ಬಿಯಲ್ಲಿ ಅದನ್ನು ಹಿಡಿದು ತಂದು ಕೊಡಬೇಕೇ? ನನ್ನ ಕೈಯ ಮೇಲೆ ಅನುಮಾನವೇ? ಸೊಸೆ ಮಾರನೇ ದಿನವೇ ತನ್ನ ಡಬ್ಬಿ ಸಿದ್ಧ ಮಾಡಿ, ಕವರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಅತ್ತೆ, ನಿಮ್ದೂ ಸೇರ್ಸಿ ಕೊಟ್ಬಿಡಿ, ನಂಗೆ ರಜೆ ಇಲ್ಲ" ಅಂತ ಹೇಳಿ ರೈಲಿಗೆ ಹೋದಳು. ನಾನು ಬಂಗಾರಪೇಟೆಗೆ ಹೋದೆ. ಸ್ಟೇಷನ್ನಿನ ಮೆಟ್ಟಿಲಿಳಿದ ಕೂಡಲೇ ನನ್ನ ಖಾಲಿ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದೆ. ಅವಳದನ್ನು ಮಾತ್ರ ಲ್ಯಾಬಿಗೆ ಕೊಟ್ಟೆ.

ಸಂಜೆ ಅವಳು ಕೇಳಿದಳು, "ಎರ್ಡೂ ಕೊಟ್ರಾ ಅತ್ತೆ?"

"ಊಂ, ಕೊಟ್ಟೆ."

ವಾರದ ಮೇಲೆ ನಾನೇ ಹೋಗಿ ರಿಪೋರ್ಟು ತಂದೆ. ಒಂದೇ ಕಾಗದ. ಏನೂ ಇಲ್ಲ ಅಂತ ಇತ್ತು. "ಇಬ್ರುದೂ ಏನೂ ಇಲ್ವಂತೆ" ಅಂದು ಕಾಗದವನ್ನು ಮಗುವಿನ ಆಸ್ಪತ್ರೆ ಫೈಲಿಗೆ ತುರುಕಿದೆ. ಅವಳು ತೆಗೆದು ನೋಡಲಿಲ್ಲ. ಯಾಕೆ ನೋಡಬೇಕು? ಹೇಳಿದವಳು ಮನೆಯ ಹಿರಿಯಳು.

ಆಮೇಲೆ ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಇರಲಿಲ್ಲ. ಇಬ್ಬರಲ್ಲೂ ಏನೂ ಇಲ್ಲ ಅಂದ ಮೇಲೆ ಪಾನಿಪುರಿಯೇ ಅಂತ ಗಟ್ಟಿಯಾಗಿ ಹಿಡಿದುಕೊಂಡೆ. ತಾಯಿಯಾದವಳು ಮನೆಯಲ್ಲಿ ಇದ್ದಿದ್ದರೆ ಮಗು ಹೀಗಾಗುತ್ತಿರಲಿಲ್ಲ ಅಂತ ದಿನಕ್ಕೊಂದು ಸಲ ಅಂದೆ. ಬಂದವರ ಎದುರು ಅಂದೆ, ಮಗನ ಎದುರು ಅಂದೆ. ಕೊನೆಗೆ ಒಂದು ಬೆಳಿಗ್ಗೆ, ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ, "ಮಗು ಬೇಕಾ, ಕೆಲ್ಸ ಬೇಕಾ, ಒಂದು ಏಳ್ಬುಟ್ಟು ಓಗು" ಅಂದುಬಿಟ್ಟೆ. ಅವಳು ಆ ದಿನ ಹೋದಳು. ತಿಂಗಳ ಕೊನೆಯಲ್ಲಿ ಕುತ್ತಿಗೆಯ ಕಾರ್ಡನ್ನು ವಾಪಸ್ಸು ಕೊಟ್ಟು ಬಂದಳು. ರೈಲಿನ ಪಾಸಿನಲ್ಲಿ ಇನ್ನೂ ದಿನಗಳಿದ್ದವು; ಅದನ್ನು ದೇವರ ಗೂಡಿನ ಪಕ್ಕದಲ್ಲೇ ಬಿಟ್ಟಳು. ನಾನು ಗೆದ್ದೆ ಅಂದುಕೊಂಡೆ.

ಮನೆಯಲ್ಲಿ ಉಳಿದವಳು ಮಾಡಿದ ಮೊದಲ ಕೆಲಸ, ಹಿತ್ತಲಿನ ತೊಟ್ಟಿಯ ಹತ್ತಿರ ಒಂದು ಹೊಸ ಸೋಪು ಇಟ್ಟಿದ್ದು. ತೆಂಗಿನ ಚಿಪ್ಪನ್ನು ತಂತಿಯಲ್ಲಿ ನೇತುಹಾಕಿ, ಅದರೊಳಗೆ ಇಟ್ಟಿದ್ದಳು.

"ಅತ್ತೆ, ಕೈಗೆ ಸೋಪಾಕಿ ತೊಳ್ಕೊಳ್ಳಿ. ಡಾಕ್ಟ್ರು ಏಳವ್ರೆ."

"ಕೈ ತೊಳ್ಯೋದು ನಂಗೆ ನೀನು ಏಳ್ಕೊಡ್ತೀಯಾ? ಅನ್ನಕ್ಕೆ ವಾಸ್ನೆ ಬತ್ತದೆ. ಮಗು ಮುಟ್ಟಲ್ಲ."

ಅವಳು ಮಗಳಿಗೆ ತಾನೇ ಉಣ್ಣಿಸುತ್ತೇನೆ ಅಂತ ಒಂದೆರಡು ದಿನ ನೋಡಿದಳು. ಹುಡುಗಿ ಕಾಯಿಲೆಯಿಂದ ಎದ್ದವಳು, ಬಾಯಿರುಚಿ ಇಲ್ಲ, ಹಟ ಬೇರೆ. ನಾನು ಬೇಸಿನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದೆ. "ಬಾರಮ್ಮಿ, ನಿನ್ನಜ್ಜಿ ಇನ್ನೂ ಸತ್ತಿಲ್ಲ" ಅಂದೆ. ಹುಡುಗಿ ನಗುತ್ತಾ ಬಂದು ಅಂಗೈ ಒಡ್ಡಿದಳು. ಬಡಕಲಾದ ಮಗು ಮೈ ಹಿಡಿಯಲಿ ಅಂತ ನಾನು ದಿನಾ ಎರಡು ಹೊತ್ತು ಕಲಸಿ ಕೊಟ್ಟೆ. ಆ ಪುಟ್ಟ ಅಂಗೈ ನನಗೆ ಈಗಲೂ ಕಾಣುತ್ತದೆ. ಮಣಿಕಟ್ಟಿನ ಹತ್ತಿರ ಸೂಜಿ ಚುಚ್ಚಿದ ಜಾಗದಲ್ಲಿ ಇನ್ನೂ ಸಣ್ಣ ಕಲೆ ಇತ್ತು.

ಎರಡು ತಿಂಗಳಿಗೆ ಜ್ವರ ಮತ್ತೆ ಬಂತು. ಆ ಎರಡು ತಿಂಗಳಲ್ಲಿ ಹುಡುಗಿ ಪಾನಿಪುರಿಯ ಗಾಡಿಯ ಮುಖ ನೋಡಿರಲಿಲ್ಲ. ಶಾಲೆಗೂ ಮನೆಯ ಕುದಿಸಿದ ನೀರೇ. ತಾಯಿ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಿತು ಅಂತಲೇ ಕಾಣುತ್ತದೆ, ನಾನು ಅದನ್ನು ಒಳಗೇ ಅದುಮಿಟ್ಟುಕೊಂಡೆ. ಈ ಸಲ ಜ್ವರದ ಜೊತೆಗೆ ಹೊಟ್ಟೆನೋವು. ಒಂದು ಮಧ್ಯಾಹ್ನ ಕಕ್ಕಸಿನಿಂದ ಸೊಸೆ "ಅತ್ತೆ" ಅಂತ ಕೂಗಿದಳು. ಹೋಗಿ ನೋಡಿದರೆ ರಕ್ತ. ಹುಡುಗಿಯ ತುಟಿ ಬೆಳ್ಳಗಾಗಿತ್ತು.

ಮಗ ಟೆಂಪೋದಲ್ಲಿ ಇದ್ದ ಕ್ರೇಟುಗಳನ್ನು ರಸ್ತೆಬದಿಗೆ ಇಳಿಸಿ, ಅದೇ ಗಾಡಿಯಲ್ಲಿ ನಮ್ಮನ್ನು ಕೋಲಾರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಕರುಳಿನಲ್ಲಿ ಹುಣ್ಣಾಗಿ ರಕ್ತ ಒಸರುತ್ತಿದೆ, ತೂತು ಬಿದ್ದರೆ ಹೊಟ್ಟೆ ಕುಯ್ಯಬೇಕಾಗುತ್ತದೆ ಅಂದರು. ಬಾಯಿಂದ ಏನೂ ಕೊಡುವ ಹಾಗಿಲ್ಲ. ರಕ್ತ ಕೊಡಬೇಕು, ಬೇರೆ ಇಂಜೆಕ್ಷನ್ ಹಾಕಬೇಕು, ಮೂರು ದಿನ ಕಾಯಬೇಕು. ಹುಡುಗಿ ನೀರು ನೀರು ಅನ್ನುತ್ತಿದ್ದಳು. ಸೊಸೆ ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಿದ್ದಳು.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಬಂಗಾರಪೇಟೆಯ ಫೈಲು ತಿರುವಿ ಹಾಕಿ, ತಲೆ ಎತ್ತಿದರು.

"ಮನೆಯಲ್ಲಿ ಇಬ್ಬರು ಅಡಿಗೆ ಮಾಡ್ತಾರೆ ಅಂತ ಬರೆದಿದ್ದಾರೆ. ಒಬ್ಬರ ರಿಪೋರ್ಟು ಇದೆ. ಇನ್ನೊಬ್ಬರದು ಎಲ್ಲಿ?"

"ಇಬ್ರುದೂ ಕೊಟ್ಟಿದ್ವಿ ಸಾರ್," ಅಂದಳು ಸೊಸೆ. ಅಂದವಳು ನನ್ನ ಕಡೆ ತಿರುಗಿದಳು. ಅನುಮಾನದಿಂದ ಅಲ್ಲ, ಅತ್ತೆ ಹೇಳಲಿ ಅಂತ.

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ.

"ನಂದು ಕೊಡ್ಲಿಲ್ಲ," ಅಂದೆ. "ಬಿಸಾಕ್ದೆ. ನಾಚ್ಕೆ ಆಯ್ತು."

ಆಮೇಲೆ ಬಾಯಿ ನಿಲ್ಲಲಿಲ್ಲ. ಮದುವೆಯಾಗಿ ಬಂದ ಎರಡನೇ ವರ್ಷ ಮೂರು ವಾರ ಜ್ವರದಲ್ಲಿ ಮಲಗಿದ್ದು, ತಲೆಕೂದಲು ಉದುರಿದ್ದು, ಗಣಿಯ ಆಸ್ಪತ್ರೆಯಲ್ಲಿ ಅದಕ್ಕೆ ಟೈಫಾಯ್ಡು ಅಂದಿದ್ದು, ಎಲ್ಲಾ ಹೇಳಿದೆ. ಎಣ್ಣೆ ಪದಾರ್ಥ ತಿಂದರೆ ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಳ್ಳುತ್ತಿತ್ತು, ಗ್ಯಾಸು ಅಂದುಕೊಂಡು ವರ್ಷಗಟ್ಟಲೆ ಜೀರಿಗೆ ನೀರು ಕುಡಿದಿದ್ದನ್ನೂ ಹೇಳಿದೆ. ಸೋಪಿನ ವಿಷಯವನ್ನೂ ಹೇಳಿದೆ. ಡಾಕ್ಟರು ಬೈಯಲಿಲ್ಲ. ಬರೆದುಕೊಂಡರು. ನನಗೂ ಒಂದು ಡಬ್ಬಿ ಕೊಟ್ಟರು. ಈ ಸಲ ಸಂಜೆಯೊಳಗೆ ಕೊಟ್ಟೆ.

ಸೊಸೆ ಆಗ ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ನನ್ನ ಕೂದಲು ಹಿಡಿದು ಎಳೆದಿದ್ದರೂ ಸರಿಯೇ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ, ಮಗಳ ತುಟಿ ಒರೆಸಿದಳು. ಮಗ ಮಾತ್ರ ಬಾಗಿಲ ಹತ್ತಿರ ನಿಂತು, "ಅಮ್ಮ, ಅವ್ಳ್ನ ಕೆಲ್ಸ ಬಿಡಿಸ್ದಲ್ಲಮ್ಮ" ಅಂದ. ಅಷ್ಟು ಅಂದು ಹೊರಗೆ ಹೋದ.

ಮೂರನೇ ದಿನ ರಕ್ತ ನಿಂತಿತು. ಕರುಳು ತೂತು ಬೀಳಲಿಲ್ಲ, ಹೊಟ್ಟೆ ಕುಯ್ಯಲಿಲ್ಲ. ಎರಡು ವಾರ ಪೂರ್ತಿ ಇಂಜೆಕ್ಷನ್ ಹಾಕಿ, ಕೊನೆಯ ಮಾತ್ರೆಯವರೆಗೂ ನುಂಗಿಸಿ ಕಳಿಸಿದರು. ಇದಕ್ಕೆ ಲಸಿಕೆ ಇದೆ, ಚಿಕ್ಕಂದಿನಲ್ಲೇ ಹಾಕಿಸಬಹುದಿತ್ತು ಅಂದರು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ನನ್ನ ರಿಪೋರ್ಟು ಬಂತು. ಅದೇ ಕ್ರಿಮಿ. "ನಿಮ್ಮಿಂದಲೇ ಬಂತು ಅಂತ ನೂರಕ್ಕೆ ನೂರು ಹೇಳೋಕೆ ಆಗಲ್ಲ ಅಮ್ಮಾ," ಅಂದರು ಆ ಡಾಕ್ಟರು, ನನ್ನ ಮುಖ ನೋಡಿ. ಒಳ್ಳೆಯ ಹುಡುಗ. ಆದರೆ ನಾನು ಏನು ಕಲಸಿದೆ, ಹೇಗೆ ಕಲಸಿದೆ ಅಂತ ನನಗೆ ಗೊತ್ತಲ್ಲ. ಪಕ್ಕದ ಮನೆಯ ಮಕ್ಕಳ ತಾಯಿಗೂ ನಾನೇ ಹೋಗಿ ಹೇಳಿ, ಪರೀಕ್ಷೆ ಮಾಡಿಸು ಅಂದೆ. ಪುಣ್ಯಕ್ಕೆ ಆ ಮಕ್ಕಳಿಗೆ ಏನೂ ಆಗಿರಲಿಲ್ಲ. ಅವಳು ಈಗ ಬಟ್ಟಲು ಹಿಡಿದು ಬರುವುದಿಲ್ಲ. ನಾನು ಅವಳನ್ನು ದೂರುವುದೂ ಇಲ್ಲ.

ನನ್ನ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಕ್ರಿಮಿ ಅಲ್ಲೇ ಮನೆ ಮಾಡಿಕೊಂಡಿದೆ, ಬರೀ ಮಾತ್ರೆಯಿಂದ ಹೋಗುವುದು ಕಷ್ಟ ಅಂತ ಪಿತ್ತಕೋಶವನ್ನೇ ತೆಗೆದರು. ಆಮೇಲೆ ಒಂದು ತಿಂಗಳು ಮಾತ್ರೆ. ಒಂದನ್ನೂ ಬಿಡಲಿಲ್ಲ. ಅಷ್ಟು ದಿನವೂ ಒಲೆಯ ಹತ್ತಿರ ಹೋಗಲಿಲ್ಲ. ಗೋಡೆಗೆ ಒರಗಿ ಕೂತು, ಸೊಸೆ ಬಡಿಸಿದ್ದನ್ನು ಉಂಡೆ. ಅವಳ ಸಾರು ಚೆನ್ನಾಗಿಯೇ ಇತ್ತು. ಇಷ್ಟು ವರ್ಷ ನಾನು ಅದನ್ನು ಸರಿಯಾಗಿ ತಿಂದೇ ನೋಡಿರಲಿಲ್ಲ.

ಹುಡುಗಿ ಕೆಲವು ದಿನ ಬೇಸಿನ್ನು ತಂದು ನನ್ನ ಮುಂದೆ ಇಡುತ್ತಿದ್ದಳು. "ಕಲಸ್ಕೊಡಜ್ಜಿ." ನಾನು ಇಲ್ಲ ಅಂದರೆ ಅಳುತ್ತಿದ್ದಳು. ಅವಳಿಗೆ ಕಾರಣ ಯಾರೂ ಹೇಳಿರಲಿಲ್ಲ. ಅಜ್ಜಿಗೆ ಕೈನೋವು ಅಂತ ಸೊಸೆಯೇ ಸುಳ್ಳು ಹೇಳಿದ್ದಳು. ಕ್ರಮೇಣ ಹುಡುಗಿ ಚಮಚ ಹಿಡಿಯಲು ಕಲಿತಳು, ತಾಯಿಯ ಕೈಯ ಊಟವನ್ನೂ ಕಲಿತಳು. ಒಂದು ಸಂಜೆ ಆಟೋ ಇಳಿದವಳು ನೇರ ಒಳಗೆ ಹೋಗಿ, "ಅಮ್ಮ, ಅಸಿವು" ಅಂದಳು. ನಾನು ಹೊಸ್ತಿಲಲ್ಲೇ ಕೂತಿದ್ದೆ.

ಮಾತ್ರೆ ಮುಗಿದ ಮೇಲೆ ತಿಂಗಳಿಗೊಂದು ಸಲದಂತೆ ಮೂರು ಸಲ ಪರೀಕ್ಷೆ ಮಾಡಿದರು. ಮೂರರಲ್ಲೂ ಏನೂ ಇಲ್ಲ. "ಇನ್ನು ಧಾರಾಳವಾಗಿ ಅಡಿಗೆ ಮಾಡಿ ಅಮ್ಮಾ, ಸೋಪು ಮಾತ್ರ ಮರೆಯಬೇಡಿ," ಅಂದರು ಡಾಕ್ಟರು. ನಾನು ಮೂರೂ ಕಾಗದಗಳನ್ನು ಮಡಚಿ, ಕುಬ್ಬಸದೊಳಗೆ ಇಟ್ಟುಕೊಂಡು ಮನೆಗೆ ಬಂದೆ. ಹಿತ್ತಲಿಗೆ ಹೋಗಿ ತೆಂಗಿನ ಚಿಪ್ಪಿನ ಸೋಪು ತೆಗೆದು, ಉಗುರಿನ ಸಂದಿ, ಬೆರಳಿನ ಸಂದಿ, ಮೊಣಕೈವರೆಗೆ ಉಜ್ಜಿ ತೊಳೆದೆ. ಮೂಸಿ ನೋಡಿದೆ. ಸೋಪಿನ ವಾಸನೆ ಚೆನ್ನಾಗಿ ಹತ್ತಿತ್ತು.

ಸೊಸೆ ಒಳಗೆ ಮಗಳ ಯೂನಿಫಾರ್ಮು ಮಡಚುತ್ತಿದ್ದಳು. ನಾನು ಕಾಗದಗಳನ್ನು ಅವಳ ಕೈಗೆ ಕೊಟ್ಟೆ. ಈ ಸಲ ಅವಳು ಒಂದೊಂದನ್ನೂ ಬಿಡಿಸಿ, ಹೆಸರು, ತಾರೀಖು, ಎಲ್ಲವನ್ನೂ ಓದಿದಳು. ಓದಿ, ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಕೊಟ್ಟಳು.

"ಒಳ್ಳೇದಾಯ್ತು ಅತ್ತೆ," ಅಂದಳು.

ಎಷ್ಟೋ ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ನಾನು ಹೊರಗೆ ಹಾಕಿದೆ. "ನನ್ನಿಂದ ತಪ್ಪಾಯ್ತು ಕಣಮ್ಮ. ನೀನು ಮತ್ತೆ ಕೆಲ್ಸಕ್ಕೆ ಓಗು. ಕೇಳಿದ್ರೆ ತಗೋತಾರೆ, ಸೂಪರ್‌ವೈಸರ್ ಆಗಿದ್ದೋಳು ನೀನು. ಮನೆ ನಾನು ನೋಡ್ಕೋತೀನಿ."

ದೇವರ ಗೂಡಿನ ಪಕ್ಕದಲ್ಲಿ ಅವಧಿ ಮುಗಿದ ಪಾಸು ಇನ್ನೂ ಇತ್ತು. ಅವಳ ಕಣ್ಣು ಒಂದು ಸಲ ಅಲ್ಲಿಗೆ ಹೋಗಿ ಬಂತು. ಅವಳಿಗೆ ಆಸೆ ಇತ್ತು, ನನಗೆ ಕಂಡಿತು. ಆಮೇಲೆ ಮಡಚಿದ ಬಟ್ಟೆಯ ಮೇಲೆ ಕೈಯಾಡಿಸುತ್ತಾ, ಒಂದಿಷ್ಟೂ ಸಿಟ್ಟಿಲ್ಲದೆ, ನಿಜವಾಗಿಯೂ ಉತ್ತರ ಬೇಕಾದವಳಂತೆ ಕೇಳಿದಳು.

"ಮಗೂಗೆ ಊಟ ಯಾರಿಕ್ತಾರೆ ಅತ್ತೆ?"

ನಾನಿಕ್ತೀನಿ ಅನ್ನಬೇಕಿತ್ತು. ಮೂರು ಕಾಗದಗಳು ಕೈಯಲ್ಲೇ ಇದ್ದವು. ನಾನು ಅವನ್ನು ಪಾಸಿನ ಪಕ್ಕದಲ್ಲಿಟ್ಟು, ಇನ್ನೊಮ್ಮೆ ಕೈ ತೊಳೆಯಲು ಹಿತ್ತಲಿಗೆ ಹೋದೆ.